ಮಕ್ಕಳ ಬಾಯಿಗೆ ಬೀಗ ಹಾಕುವ ಕನ್ನಡಾಭಿಮಾನ



ಕಳೆದ ವರ್ಷ ನಾನು ಕಲಿಸುವ ಶಾಲೆಯ ಕೈಬರಹದ ಪತ್ರಿಕೆಗೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ಪುಟಗಳ ಬರಹವೊಂದನ್ನು ತಂದುಕೊಟ್ಟಳು. 'ನನಗೆ ಅನಿಸಿದ್ದು' ಎಂಬುದು ಅದರ ತಲೆಬರಹ. ಆ ಬರಹ ಪತ್ರಿಕೆಯಲ್ಲಿ ಬರಲಿಲ್ಲ. ಅದರ ಸ್ಥಾನದಲ್ಲಿ 'ಸಮಯದ ಮಹತ್ವ' ಎಂಬ ಪ್ರಬಂಧ ಬಂದಿತು. ಗೈಡಿನಿಂದ ಇಳಿಸಿದ ಆ ಪ್ರಬಂಧದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅದನ್ನು ಬರೆದ ಹುಡುಗನ ಸುಳಿವೂ ಇರಲಿಲ್ಲ. ಹೀಗೆ ಒಂದನ್ನು ತಳ್ಳಿ ಇನ್ನೊಂದನ್ನು ಆರಿಸಿದವರು ಉಪಾಧ್ಯಾಯರಾದ ನಾವು. ಆ ಆಯ್ಕೆ ತಪ್ಪೆಂದೂ, ಅಂಥ ಆಯ್ಕೆಯನ್ನು ನಾವು ದಿನವೂ ಮಾಡುತ್ತಿದ್ದೇವೆಂದೂ, ಗಡಿನಾಡಿನ ಕನ್ನಡಕ್ಕೆ ಹೊರಗಿನವರು ಮಾಡುವ ಹಾನಿಗಿಂತ ಇದರ ಹಾನಿ ಕಡಿಮೆಯದಲ್ಲವೆಂದೂ ವಾದಿಸುವುದಕ್ಕಾಗಿಯೇ ಈ ಲೇಖನ.

ಆಕೆ ಏನು ಬರೆದಿದ್ದಳು? ಮೊದಲು ಅದನ್ನು ಹೇಳಬೇಕು. ಆರೋಪಿಯ ಮಾತು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಶಾಲಾ ವಾರ್ಷಿಕೋತ್ಸವದ ದಿನ ಅತಿಥಿಗಳನ್ನು ಎದುರುಗೊಳ್ಳಲು ಮಕ್ಕಳನ್ನು ಹೂ ಹಿಡಿಸಿ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ್ದರ ಬಗ್ಗೆ ಬರೆದಿದ್ದಳು. "ಅತಿಥಿಗಳು ತಡವಾಗಿ ಬಂದರೆ ಅವರಿಗೆ ಕೆಲಸ ಜಾಸ್ತಿ ಎನ್ನುತ್ತಾರೆ. ನಾವು ತಡವಾಗಿ ಬಂದರೆ ನಮಗೆ ಉದಾಸೀನ ಎನ್ನುತ್ತಾರೆ." ಪಾಠದ ಪ್ರಶ್ನೋತ್ತರಗಳನ್ನು ಮೂರು ಮೂರು ಸಲ ನಕಲು ಮಾಡಿಸುವುದರಿಂದ ಕೈ ನೋಯುವುದೇ ಹೊರತು ವಿಷಯ ತಲೆಗೆ ಹೋಗುವುದಿಲ್ಲವೆಂದು ಬರೆದಿದ್ದಳು. ತರಗತಿ ಗುಡಿಸುವ ಸರದಿ ಹುಡುಗಿಯರಿಗೂ ಮೈದಾನದಲ್ಲಿ ಆಡುವ ಸರದಿ ಹುಡುಗರಿಗೂ ಏಕೆ ಎಂದು ಕೇಳಿದ್ದಳು. ಬಸ್ಸಿನ ಫಲಕ ಮಲಯಾಳದಲ್ಲಿ ಮಾತ್ರ ಇರುವುದರಿಂದ ತನ್ನ ಅಜ್ಜಿ ಎರಡು ಸಲ ಬೇರೆ ಊರಿಗೆ ಹೋಗಿ ಇಳಿದಳೆಂದು ತಿಳಿಸಿದ್ದಳು. ಆ ಭಾಗದ ಮುಂದಿನ ಮಾತನ್ನು ನಾನು ಮರೆಯಲಾರೆ. "ಮಲಯಾಳ ಕಲಿಯಲಿಕ್ಕೆ ನನಗೆ ಇಷ್ಟ ಉಂಟು. ಅಜ್ಜಿಗೆ ಇನ್ನು ಕಲಿಯಲಿಕ್ಕೆ ಆಗುವುದಿಲ್ಲ. ಫಲಕದಲ್ಲಿ ಎರಡು ಸಾಲಿಗೆ ಜಾಗ ಉಂಟು." ಎಷ್ಟೋ ಸಭೆಗಳಲ್ಲಿ ನಾವು ಗಂಟೆಗಟ್ಟಲೆ ಆವೇಶದಿಂದ ಹೇಳಿಯೂ ಹೇಳಲಾರದ ಮಾತನ್ನು ಬೀಡಿ ಕಟ್ಟುವ ತಾಯಿಯ ಮಗಳೊಬ್ಬಳು ಮೂರು ವಾಕ್ಯಗಳಲ್ಲಿ, ಯಾರನ್ನೂ ದ್ವೇಷಿಸದೆ, ಹೇಳಿಬಿಟ್ಟಿದ್ದಳು.

ಕಡೆಯ ಪುಟದಲ್ಲಿ ಇದ್ದುದು ಇದು: "ಕನ್ನಡ ಶಾಲೆ ಉಳಿಸಬೇಕು ಎಂದು ನಮ್ಮ ಶಾಲೆಯಲ್ಲಿ ಭಾಷಣ ಮಾಡಿದವರ ಮಕ್ಕಳು ಯಾರೂ ನಮ್ಮ ಶಾಲೆಯಲ್ಲಿ ಇಲ್ಲ. ಕನ್ನಡ ಶಾಲೆ ಒಳ್ಳೆಯದಾದರೆ ಅವರ ಮಕ್ಕಳಿಗೆ ಯಾಕೆ ಬೇಡ?"

ಉಪಾಧ್ಯಾಯರ ಕೊಠಡಿಯಲ್ಲಿ ಈ ನಾಲ್ಕು ಪುಟಗಳು ಕೈಯಿಂದ ಕೈಗೆ ಹೋದುವು. ಮೂರು ಆಕ್ಷೇಪಗಳು ಬಂದುವು. ಒಂದು: ಹನ್ನೆರಡು ವರ್ಷದ ಮಗುವಿಗೆ ಎಂಥ ಅಭಿಪ್ರಾಯ? ಇದು ಯಾರೋ ದೊಡ್ಡವರು ಹೇಳಿಕೊಟ್ಟದ್ದು. ಎರಡು: ಭಾಷೆ ಶುದ್ಧವಿಲ್ಲ, ಗ್ರಾಂಥಿಕ ಕನ್ನಡವಲ್ಲ, ತುಳುವಿನ ವಾಸನೆ ಹೊಡೆಯುತ್ತದೆ. ಮೂರು: ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ಕಾಲದಲ್ಲಿ ನಮ್ಮ ಹುಳುಕನ್ನು ನಾವೇ ಬರೆದು ತೋರಿಸಿದರೆ ಶಾಲೆಗೆ ಯಾರು ಬಂದಾರು? ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ಆಕ್ಷೇಪ: ಮಗುವಿನ ಅಭಿಪ್ರಾಯ ಬಲಿತದ್ದಲ್ಲವೆಂದು. ನಿಜ, ಬಲಿತದ್ದಲ್ಲ. ನಮ್ಮವೆಲ್ಲ ಬಲಿತಿವೆಯೆ? ಅಭಿಪ್ರಾಯವೆಂಬುದು ಅಟ್ಟದ ಮೇಲೆ ಮುಚ್ಚಿಟ್ಟರೆ ಹಣ್ಣಾಗುವ ಬಾಳೆಗೊನೆಯಲ್ಲ. ಆಡಬೇಕು, ಎದುರು ಮಾತು ಕೇಳಬೇಕು, ತಪ್ಪಾಗಿದ್ದರೆ ನಾಚಬೇಕು, ತಿದ್ದಿಕೊಳ್ಳಬೇಕು. ಆಗ ಅದು ಬಲಿಯುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಮಾತನ್ನೂ ಸ್ವಂತವಾಗಿ ಆಡಲು ಬಿಡದೆ, ಹದಿನೆಂಟನೆಯ ವಯಸ್ಸಿಗೆ ಕೈಯಲ್ಲಿ ಮತವನ್ನು ಕೊಟ್ಟು 'ವಿವೇಚನೆಯಿಂದ ಚಲಾಯಿಸು' ಎನ್ನುತ್ತೇವೆ. ಆ ವಿವೇಚನೆ ನಡುವಿನ ಆರು ವರ್ಷಗಳಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಮಕ್ಕಳಿಗೆ ಅಭಿಪ್ರಾಯ ಬೇಡವೆಂಬುದು ನಮ್ಮ ನಿಜವಾದ ನಿಲುವೂ ಅಲ್ಲ. ಚರ್ಚಾಸ್ಪರ್ಧೆ ಬಂದಾಗ ನಾವೇನು ಮಾಡುತ್ತೇವೆ? 'ಹಳ್ಳಿಯ ಜೀವನ ಲೇಸೋ, ಪಟ್ಟಣದ ಜೀವನ ಲೇಸೋ' ಎಂಬ ವಿಷಯಕ್ಕೆ ನಾವೇ ಪರ ವಿರೋಧಗಳೆರಡನ್ನೂ ಬರೆದು, ಒಂದನ್ನು ಒಬ್ಬನಿಗೆ, ಇನ್ನೊಂದನ್ನು ಇನ್ನೊಬ್ಬಳಿಗೆ ಉರು ಹೊಡೆಸಿ, ಎಲ್ಲಿ ಕೈಯೆತ್ತಬೇಕು, ಎಲ್ಲಿ ಸ್ವರ ಏರಿಸಬೇಕು ಎಂದೂ ಹೇಳಿಕೊಟ್ಟು ವೇದಿಕೆಗೆ ಕಳುಹಿಸುತ್ತೇವೆ. ಗೆದ್ದು ಬಂದರೆ ಬೆನ್ನು ತಟ್ಟುತ್ತೇವೆ. ಅಂದಮೇಲೆ ಮಕ್ಕಳ ಬಾಯಲ್ಲಿ ಅಭಿಪ್ರಾಯ ಬಂದರೆ ನಮಗೆ ಸಂತೋಷವೇ. ಅದು ಅವರದೇ ಆಗಿದ್ದರೆ ಮಾತ್ರ ಸಂಕಟ! ದೊಡ್ಡವರು ಹೇಳಿಕೊಟ್ಟದ್ದೆಂದು ಆ ಹುಡುಗಿಯನ್ನು ಶಂಕಿಸಿದ ನಾವು, ದೊಡ್ಡವರು ಹೇಳಿಕೊಟ್ಟದ್ದೇ ಎಂದು ಚೆನ್ನಾಗಿ ಗೊತ್ತಿದ್ದ 'ಸಮಯದ ಮಹತ್ವ'ವನ್ನು ಅದೇ ಪುಟದಲ್ಲಿ ಹಾಕಿದೆವು. ಇದಕ್ಕಿಂತ ದೊಡ್ಡ ಅಸಂಗತಿ ಬೇಕೆ?

ಮಕ್ಕಳು ಶಾಲೆಯ ಬಗ್ಗೆ ಯೋಗ್ಯವಾಗಿ ಬರೆಯಬಲ್ಲರೆಂಬುದಕ್ಕೆ ಲೋಕದಲ್ಲಿ ಸಾಕ್ಷಿ ಇಲ್ಲದೆ ಇಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಆಚೆ ಬಾರ್ಬಿಯಾನ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಬಡ ರೈತರ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದನು. ಸರಕಾರಿ ಶಾಲೆಯಲ್ಲಿ ಅನುತ್ತೀರ್ಣರಾಗಿ ಹೊರಬಿದ್ದ ಮಕ್ಕಳೇ ಅಲ್ಲಿ ಹೆಚ್ಚು. ಅಲ್ಲಿಯ ಎಂಟು ಮಂದಿ ಹುಡುಗರು ಕೂಡಿ ಉಪಾಧ್ಯಾಯಿನಿಯೊಬ್ಬಳಿಗೆ ಪತ್ರದ ರೂಪದಲ್ಲಿ ಬರೆದ ಪುಸ್ತಕ 1967ರಲ್ಲಿ ಪ್ರಕಟವಾಯಿತು. ಶಾಲೆ ಬಡವರ ಮಕ್ಕಳನ್ನು ಹೇಗೆ ಹೊರದಬ್ಬುತ್ತದೆಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಅದು ಹಲವು ಭಾಷೆಗಳಿಗೆ ಹೋಯಿತು. ಅದಕ್ಕೂ ನೂರು ವರ್ಷ ಮೊದಲು, 1862ರಲ್ಲಿ, ರಷ್ಯದ ಟಾಲ್‌ಸ್ಟಾಯ್ ತನ್ನ ಹಳ್ಳಿಯ ಶಾಲೆಯ ಮಕ್ಕಳ ಕಥೆಗಳನ್ನು ಓದಿ, ಬರೆಯುವುದನ್ನು ರೈತರ ಮಕ್ಕಳು ನಮ್ಮಿಂದ ಕಲಿಯಬೇಕೋ, ನಾವು ಅವರಿಂದ ಕಲಿಯಬೇಕೋ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಲೇಖನ ಬರೆದನು. ಅಂಥ ಮಹಾನುಭಾವನಿಗೆ ಬಾರದ ಬಿಗುಮಾನ ತರಬೇತಿ ಪತ್ರವೊಂದನ್ನು ಕೈಯಲ್ಲಿ ಹಿಡಿದ ನಮಗೆ ಏಕೆ?

ಎರಡನೆಯ ಆಕ್ಷೇಪ ಭಾಷೆಯದು. ಇದರಲ್ಲಿ ನಾವು ವಿಶೇಷ ಎಚ್ಚರದಿಂದಿರಬೇಕು. ಏಕೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆ ಒಂದೇ ಮನೆಮಾತಿನ ಮಕ್ಕಳ ಶಾಲೆಯಲ್ಲ. ಒಂದೇ ಬೆಂಚಿನ ಮೇಲೆ ತುಳು ಮಾತಾಡುವವನು, ಕೊಂಕಣಿಯವಳು, ಮರಾಠಿಯವನು, ಬ್ಯಾರಿ ಮಾತಿನವಳು, ಹವ್ಯಕ ಕನ್ನಡದವನು, ಮಲಯಾಳದವಳು ಕುಳಿತಿರುತ್ತಾರೆ. ಇವರೆಲ್ಲರಿಗೂ ಕನ್ನಡ ಶಾಲೆಯ ಮೂಲಕ ಕೈಗೆ ಬರುವ ಭಾಷೆ. ಮನೆಮಾತಿನ ಬಣ್ಣ ಅದಕ್ಕೆ ತಾಗಿದರೆ ಆಶ್ಚರ್ಯವೇನು? 'ಕಲಿಯಲಿಕ್ಕೆ', 'ಜಾಗ ಉಂಟು' ಎಂಬವು ತುಳುವಿನ ದೋಷಗಳೂ ಅಲ್ಲ. ನಮ್ಮ ಕರಾವಳಿಯ ಕನ್ನಡವೇ ಹಾಗೆ. ಬೆಂಗಳೂರಿನ ಮಕ್ಕಳು ಆಡುವುದೇ ಶುದ್ಧ, ನಮ್ಮ ಮಕ್ಕಳು ಆಡುವುದು ಅಶುದ್ಧವೆಂಬ ಕೀಳರಿಮೆಯನ್ನು ಕೆಂಪು ಶಾಯಿಯಿಂದ ಬಿತ್ತುವವರು ನಾವೇ.

ಪೂರ್ವಸೂರಿಗಳನ್ನು ನೆನೆಯಿರಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಹಾಡು ಕಥೆಗಳ ಭಂಡಾರವನ್ನೇ ಕಟ್ಟಿಕೊಟ್ಟ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿ. ಪೆರಡಾಲದಲ್ಲಿ ಉಪಾಧ್ಯಾಯರಾಗಿದ್ದು, 1915ರಿಂದ 2015ರ ವರೆಗೆ ನೂರು ವರ್ಷ ತುಂಬು ಬಾಳು ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ತುಳುವಿನಲ್ಲಿಯೂ ಕವಿತೆ ಬರೆದರು. ಇವರ ಕನ್ನಡ ಬಲವಾದದ್ದು ಮನೆಮಾತನ್ನು ತೊಳೆದು ಹಾಕಿದ್ದರಿಂದಲ್ಲ. ತಮಗೆ ಅನಿಸಿದ್ದನ್ನು ಕನ್ನಡದಲ್ಲಿ ಹೇಳುವ ಧೈರ್ಯ ಮಾಡಿದ್ದರಿಂದ. ಭಾಷೆ ತನ್ನದಾಗುವುದು ಅದರಲ್ಲಿ ತನ್ನ ಸುಖದುಃಖಗಳನ್ನು ಆಡಿದಾಗ. ಜಗಳವಾಡಲು ತುಳು, ಪೇಟೆಗೆ ಮಲಯಾಳ, ಉದ್ಯೋಗಕ್ಕೆ ಇಂಗ್ಲಿಷು, ಗೈಡಿನ ಪ್ರಬಂಧಕ್ಕೆ ಮಾತ್ರ ಕನ್ನಡ ಎಂದಾದರೆ, ಪರೀಕ್ಷೆ ಮುಗಿದ ಮರುದಿನ ಆ ಕನ್ನಡವನ್ನು ಮಗು ಗೈಡಿನೊಡನೆಯೇ ಹಳೆ ಕಾಗದದವನಿಗೆ ಕೊಟ್ಟುಬಿಡುತ್ತದೆ. ತಪ್ಪನ್ನು ತಿದ್ದಬೇಡಿರೆಂದು ನಾನು ಹೇಳುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿರಿ. ಮಗುವಿನ ಪ್ರಾಣವನ್ನು ತೆಗೆಯಬೇಡಿರಿ.

ಮೂರನೆಯ ಆಕ್ಷೇಪ ಉಳಿದೆರಡಕ್ಕಿಂತ ಬಲವಾದದ್ದು. ಏಕೆಂದರೆ ಅದರ ಹಿಂದೆ ನಿಜವಾದ ಭಯವಿದೆ. ಕನ್ನಡ ತರಗತಿಗಳು ಬರಿದಾಗುತ್ತಿರುವುದನ್ನು ಕಂಡು ನೊಂದವರಲ್ಲಿ ನಾನೂ ಒಬ್ಬ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿ ಹೋಗುತ್ತದೆ. ಆದರೆ ಹುಳುಕನ್ನು ಮುಚ್ಚಿದರೆ ಮಕ್ಕಳು ಹೆಚ್ಚುತ್ತಾರೆಯೆ? ಅಂಗೈಯ ಹುಣ್ಣಿಗೆ ಕನ್ನಡಿ ಬೇಡ. ಬಿಸಿಲಲ್ಲಿ ನಿಂತ ಮಗು ಸಂಜೆ ಮನೆಗೆ ಹೋಗಿ ತಾಯಿಗೆ ಹೇಳಿಯೇ ಹೇಳುತ್ತದೆ. ಊರಿಗೆ ಗೊತ್ತಿರುವುದನ್ನು ಪತ್ರಿಕೆಯಲ್ಲಿ ಮುಚ್ಚಿದರೆ, ತಿಳಿಯದೆ ಉಳಿಯುವವರು ನಾವೊಬ್ಬರೇ. ಆ ಬರಹವನ್ನು ಪ್ರಕಟಿಸಿ, ಕೆಳಗೆ 'ಇನ್ನು ಮುಂದೆ ಮಕ್ಕಳು ನೆರಳಿನಲ್ಲಿ ನಿಲ್ಲುವರು' ಎಂದು ಒಂದು ಸಾಲು ಸೇರಿಸಿದ್ದರೆ ಶಾಲೆಯ ಮರ್ಯಾದೆ ಏರುತ್ತಿತ್ತೋ ಇಳಿಯುತ್ತಿತ್ತೋ?

ಈ ಆಕ್ಷೇಪದಲ್ಲಿ ಅದಕ್ಕಿಂತಲೂ ಆಳವಾದ ತಪ್ಪೊಂದಿದೆ. ಗಡಿನಾಡಿನ ಕನ್ನಡಿಗರಾದ ನಮ್ಮ ಮೂಲ ದೂರು ಯಾವುದು? ನಮ್ಮ ಮಾತನ್ನು ಯಾರೂ ಕೇಳಲಿಲ್ಲವೆಂಬುದು. 1956ರ ನವೆಂಬರ 1ರಂದು, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಇಲ್ಲಿಯವರ ಇಚ್ಛೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದು ಅಂದಿನಿಂದ ಹೇಳುತ್ತ ಬಂದಿದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲವೆಂದು ಇಂದಿಗೂ ಕೊರಗುತ್ತೇವೆ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನ 2017ರಲ್ಲಿ ಬಂದಾಗ, ನಮ್ಮನ್ನು ಕೇಳಲಿಲ್ಲವೆಂದು ಪ್ರತಿಭಟಿಸಿದೆವು. ಈ ದೂರುಗಳನ್ನು ನಾನು ಅಲ್ಲಗಳೆಯುವುದಿಲ್ಲ. ನಾನು ಕೇಳುವುದು ಇಷ್ಟೆ: ಚಿಕ್ಕ ಸಮುದಾಯದ ಮಾತನ್ನು ದೊಡ್ಡ ಸಮುದಾಯ ಕೇಳಲೇಬೇಕೆಂದು ವಾದಿಸುವವರು, ಚಿಕ್ಕ ಮಗುವಿನ ಮಾತನ್ನು ದೊಡ್ಡವರು ಕೇಳಬೇಕಾಗಿಲ್ಲವೆಂದು ಯಾವ ಮುಖದಿಂದ ಹೇಳುತ್ತಾರೆ? ಹೇಳುವುದು ಶಾಸ್ತ್ರ, ಹಾಕುವುದು ಗಾಳವೆಂದರೆ ಇದೇ ಅಲ್ಲವೆ?

ಕಾನೂನಿನ ಮಾತಿಗೆ ಬರೋಣ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯಲು ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿಯನ್ನು ನಾವೆಲ್ಲ ಕಂಠಪಾಠ ಮಾಡಿದ್ದೇವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ಪ್ರಕರಣದ ಎರಡನೆಯ ಉಪಪ್ರಕರಣವನ್ನೂ ಮನವಿಪತ್ರಗಳಲ್ಲಿ ಉದ್ಧರಿಸುತ್ತೇವೆ. ಶಿಕ್ಷಣ ಮಾಧ್ಯಮ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು ಅಲ್ಲಿ ಒಂದು ಬಾಬಿನಲ್ಲಿದೆ. ಒಳ್ಳೆಯದು. ಅದೇ ಪುಟದಲ್ಲಿ, ಅದರ ಕೆಳಗಿನ ಬಾಬನ್ನು ಓದಿದ್ದೀರಾ? ಮಗುವನ್ನು ಭಯದಿಂದಲೂ ಆಘಾತದಿಂದಲೂ ಆತಂಕದಿಂದಲೂ ಮುಕ್ತಗೊಳಿಸಬೇಕು, ತನ್ನ ಅಭಿಪ್ರಾಯಗಳನ್ನು ನಿರಾತಂಕವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎಂದು ಅಲ್ಲಿದೆ! ಮೇಲಿನ ಬಾಬು ಸರಕಾರಕ್ಕೆ, ಕೆಳಗಿನದು ಯಾರಿಗೂ ಅಲ್ಲ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಶಾಸನ ಮಾಡಿದವರು ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟದ್ದು ಉಚಿತವಾಗಿಯೇ ಇದೆ. ಮಾತೃಭಾಷೆಯಲ್ಲಿ ಏಕೆ ಕಲಿಸಬೇಕು? ಮಗು ತನ್ನ ಮನಸ್ಸಿನ ಮಾತನ್ನು ಆಡಲೆಂದು. ಮನಸ್ಸಿನ ಮಾತು ಬೇಡವಾದರೆ ಗಿಳಿಪಾಠವನ್ನು ಯಾವ ಭಾಷೆಯಲ್ಲಿ ಒಪ್ಪಿಸಿದರೇನು?

ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಒಡಂಬಡಿಕೆಯಲ್ಲಿಯೂ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 12ನೆಯ ಅನುಚ್ಛೇದ ಮಗುವಿಗೆ ಕೊಡುತ್ತದೆ. ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ಬೆಲೆಯನ್ನು ಅದಕ್ಕೆ ಕೊಡಬೇಕೆಂದೂ ಹೇಳುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿದೆ. ಇದರಲ್ಲಿ ಮಗು ಹೇಳಿದ್ದೆಲ್ಲ ನಡೆಯಬೇಕೆಂದಿಲ್ಲ, ಕೇಳಿ ತೂಗಬೇಕೆಂದಿದೆ. ಅಷ್ಟನ್ನಾದರೂ ಮಾಡಬೇಡವೆ?

2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯೊಂದರ ಮಕ್ಕಳ ಕಥೆಯಿದ್ದ ಚಲನಚಿತ್ರ ಬಂದಿತು. ಅದಕ್ಕೆ ಮಕ್ಕಳ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಪರದೆಯ ಮೇಲೆ ಮಕ್ಕಳು ದೊಡ್ಡವರಿಗೆ ಎದುರು ನಿಂತು ಶಾಲೆಗಾಗಿ ಮಾತಾಡಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮರುದಿನ ತರಗತಿಯಲ್ಲಿ ಒಬ್ಬ ಹುಡುಗ 'ಯಾಕೆ?' ಎಂದು ಕೇಳಿದರೆ 'ಅಧಿಕಪ್ರಸಂಗ ಮಾಡಬೇಡ' ಎಂದೆವು. ಟಿಕೇಟು ಕೊಂಡು ಕೇಳಿದ ಮಾತಿಗೆ ಇರುವ ಬೆಲೆ ಪುಕ್ಕಟೆ ಸಿಕ್ಕುವ ಮಾತಿಗೆ ಇಲ್ಲವೆ?

ಇನ್ನು ಆಕೆಯ ಕಡೆಯ ಪ್ರಶ್ನೆ. ಆ ಬರಹವನ್ನು ತಡೆದದ್ದು ನಿಜಕ್ಕೂ ಆ ಪ್ರಶ್ನೆಯೇ. ಬಿಸಿಲು, ನಕಲು, ಫಲಕಗಳೆಲ್ಲ ನೆಪ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಏಕೆಂದರೆ ಆ ವಾಕ್ಯದ ಮೇಲೆ ಕೆಂಪು ಗೆರೆ ಎಳೆದ ಕೈ ನನ್ನದು. ಕೊಠಡಿಯಲ್ಲಿ ಇತರರು ಆಕ್ಷೇಪಿಸಿದಾಗ ನಾನು ಸುಮ್ಮನಿದ್ದೆ. ಆಮೇಲೆ, 'ಕಡೆಯ ಎರಡು ವಾಕ್ಯ ತೆಗೆದರೆ ಹಾಕಬಹುದೇನೋ' ಎಂದು ಗೆರೆ ಎಳೆದೆ. ಆಕೆ ತೆಗೆಯಲು ಒಪ್ಪಲಿಲ್ಲ. ನನ್ನ ಮಗ ಇಂಗ್ಲಿಷು ಮಾಧ್ಯಮದ ಶಾಲೆಗೆ ಹೋಗುತ್ತಾನೆ. ಕನ್ನಡ ಶಾಲೆ ಉಳಿಸಬೇಕೆಂದು ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಹುಡುಗಿ ಹೆಸರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವನನ್ನು ಮುಂದಿನ ಜೂನಿನಲ್ಲಿ ಎಲ್ಲಿಗೆ ಸೇರಿಸಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮುಗಿದಿದೆ, ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದು ಬರೆದರೆ ಇದೂ ಒಂದು ಗೈಡಿನ ಪ್ರಬಂಧವಾದೀತು. ಆದರೆ ಆ ಚರ್ಚೆಯನ್ನು ಆರಂಭಿಸಿದ್ದು ನೂರಾರು ಭಾಷಣಗಳಲ್ಲ, ಮನವಿಪತ್ರಗಳಲ್ಲ. ಏಳನೆಯ ತರಗತಿಯ ಹುಡುಗಿಯ ಒಂದು ವಾಕ್ಯ. ಮಗುವಿನ ಅಭಿಪ್ರಾಯಕ್ಕೆ ಶಕ್ತಿಯಿಲ್ಲವೆನ್ನುವವರಿಗೆ ನನ್ನ ಮನೆಯೇ ಉತ್ತರ.

ಹಾಗಾದರೆ ಶಿಸ್ತು ಬೇಡವೆ, ಮಕ್ಕಳು ಬಾಯಿಗೆ ಬಂದಂತೆ ಆಡಬಹುದೆ ಎಂದು ಕೇಳುವವರಿದ್ದಾರೆ. ಶಿಸ್ತು ಬೇಕು, ಅಭಿಪ್ರಾಯ ಹೇಳುವುದಕ್ಕೂ ಒಂದು ಶಿಸ್ತಿದೆ, ಅದನ್ನು ಕಲಿಸಬೇಕಾದವರು ನಾವು. ಕಂಡದ್ದನ್ನು ಹೇಳು, ಕೇಳಿದ್ದನ್ನು ಕಂಡಂತೆ ಹೇಳಬೇಡ. 'ಏಕೆಂದರೆ' ಎಂಬ ಮಾತು ಸೇರಿಸಿ ಕಾರಣ ಕೊಡು. ಹೇಗಿದ್ದರೆ ಚೆನ್ನ ಎಂಬುದನ್ನೂ ಹೇಳು. ಒಬ್ಬರ ರೂಪವನ್ನು, ಜಾತಿಯನ್ನು, ಬಡತನವನ್ನು ಆಡಿಕೊಳ್ಳಬೇಡ. ಎದುರು ಮಾತು ಸರಿಯೆಂದು ಕಂಡರೆ ಒಪ್ಪಿಕೊ. ಈ ಐದು ಸೂತ್ರಗಳನ್ನು ಕಲಿತ ಮಗು ಅವಿಧೇಯನಾಗುವುದಿಲ್ಲ. ಬದಲಾಗಿ, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಿ ಇನ್ನೊಬ್ಬರಿಗೆ ದಾಟಿಸುವ ಇಂದಿನ ಹಿರಿಯರಿಗಿಂತ ವಿವೇಕಿಯಾಗುತ್ತದೆ.

ಕಾರ್ಯರೂಪದ ಸಲಹೆಗಳನ್ನು ಇಟ್ಟು ಮುಗಿಸುತ್ತೇನೆ. ವಾರಕ್ಕೊಂದು ಕನ್ನಡ ತರಗತಿಯನ್ನು 'ನನಗೆ ಅನಿಸಿದ್ದು' ಎಂಬುದಕ್ಕೆ ಮೀಸಲಿಡೋಣ. ವಿಷಯವನ್ನು ಮಕ್ಕಳೇ ಆರಿಸಲಿ: ಮಧ್ಯಾಹ್ನದ ಊಟ, ಶಾಲೆಯ ದಾರಿ, ಮಳೆಗಾಲದ ತೋಡು, ಮನೆಗೆಲಸ, ಪರೀಕ್ಷೆ, ಆಟ, ಬೇಕಾದರೆ ನಮ್ಮ ಪಾಠವೂ. ಅಭಿಪ್ರಾಯಕ್ಕೆ ಅಂಕ ಕೊಡುವುದು ಬೇಡ, ಕಾರಣಕ್ಕೆ ಕೊಡೋಣ. ಮಗುವಿನ ಬರಹದ ಕೆಳಗೆ ಉಪಾಧ್ಯಾಯನು ಒಂದು ವಾರದೊಳಗೆ ಎರಡು ಸಾಲಿನ ಉತ್ತರ ಬರೆಯಲಿ. 'ನೋಡಿದೆ' ಎಂಬ ಸಹಿ ಉತ್ತರವಲ್ಲ. ಕೈಬರಹದ ಪತ್ರಿಕೆಗಳಲ್ಲಿ ಗೈಡಿನಿಂದ ಇಳಿಸಿದ ಪ್ರಬಂಧಗಳನ್ನು ಇನ್ನು ಸ್ವೀಕರಿಸದಿರೋಣ. ಇದಕ್ಕೆ ಸರಕಾರದ ಆದೇಶ ಬೇಡ, ಅನುದಾನ ಬೇಡ, ಸಮಿತಿ ಬೇಡ.

ವಿದ್ಯಾರ್ಥಿ ಮಿತ್ರರೆ, ನಿಮಗೂ ಒಂದು ಮಾತು. ನಿಮ್ಮ ಅಭಿಪ್ರಾಯ ತಪ್ಪಾಗಿರಬಹುದು. ತಪ್ಪಾಗುವ ಹಕ್ಕೂ ನಿಮ್ಮದೇ. ಎರವಲು ತಂದ ಸರಿಗಿಂತ ಸ್ವಂತದ ತಪ್ಪು ಕಲಿಯುವುದಕ್ಕೆ ಹೆಚ್ಚು ಉಪಯೋಗ. ಬರೆಯಿರಿ.

ಸಂಪಾದಕರಲ್ಲಿ ಒಂದು ವಿನಂತಿ. ಆ ಹುಡುಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಆಕೆಯ ಮತ್ತು ತಾಯಿಯ ಒಪ್ಪಿಗೆ ಕೇಳಿದ್ದೇನೆ, ಒಪ್ಪಿದ್ದಾರೆ. ಮುಂದಿನ ಸಂಚಿಕೆಯ ಸ್ಟೆನ್ಸಿಲ್ ಕೊರೆಯುವಾಗ ಆ ನಾಲ್ಕು ಪುಟಗಳಿಗೆ ಸ್ಥಳ ಕೊಡಬೇಕು. ನನ್ನ ಕೆಂಪು ಗೆರೆಯನ್ನು ಬಿಟ್ಟುಬಿಡಿರಿ. ಅದರ ಕೆಳಗಿನ ವಾಕ್ಯವನ್ನು ಬಿಡಬೇಡಿರಿ.

ಬರಹವನ್ನು ಹಿಂದೆ ಕೊಟ್ಟ ದಿನ ಆಕೆ ಕೇಳಿದ್ದಳು: "ಮಾಷ್ಟ್ರೇ, ಇದರಲ್ಲಿ ಸುಳ್ಳು ಏನು ಉಂಟು?" ಅಂದು ನಾನು ಗಂಟೆ ಹೊಡೆಯಿತೆಂದು ಹೇಳಿ ತರಗತಿಗೆ ನಡೆದೆ. ಇಂದು ಉತ್ತರ ಬರೆಯುತ್ತಿದ್ದೇನೆ: ಏನೂ ಇಲ್ಲ ಮಗಳೆ.

— ಒಬ್ಬ ಪ್ರಾಥಮಿಕ ಶಾಲಾ ಉಪಾಧ್ಯಾಯ, ಕಾಸರಗೋಡು